ದಿನಸಿ ಚೀಟಿ ಮತ್ತು ದೇಹತೂಕ: ಒಂದು ಮನೆಯ ಅನುಭವ

ಚಿಕ್ಕ ಮಕ್ಕಳಿದ್ದು ಗಂಡಹೆಂಡಿರಿಬ್ಬರೂ ದುಡಿಯುವ ಮನೆಯಲ್ಲಿ ದೊಡ್ಡವರ ದೇಹತೂಕವು ಅವರವರ ನಾಲಗೆಯ ಹತೋಟಿಗಿಂತ ಹೆಚ್ಚಾಗಿ ಆ ಮನೆಯ ದಿನಸಿ, ದಿನಚರಿ ಮತ್ತು ಕೆಲಸದ ಹಂಚಿಕೆಗಳಿಂದ ನಿರ್ಧಾರವಾಗುತ್ತದೆ ಎಂಬುದು ಈ ಬರಹದ ಪ್ರತಿಪಾದನೆ. ಇದಕ್ಕೆ ಆಧಾರ ಮೈಸೂರಿನ ಒಂದು ಮನೆಯ ಕೆಲವು ವರ್ಷಗಳ ಅನುಭವ. ಶಾಲೆಗೆ ಹೋಗುವ ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ, ಕಚೇರಿ ಕೆಲಸದ ಪತಿ ಮತ್ತು ಕಾಲೇಜಿನಲ್ಲಿ ಪಾಠ ಹೇಳುವ ಲೇಖಕಿ, ಹೀಗೆ ಐವರಿರುವ ಆ ಮನೆಯಲ್ಲಿ ಲೇಖಕಿಯ ತೂಕ ನಿಧಾನವಾಗಿ ಇಳಿದು, ಇಳಿದಲ್ಲಿಯೇ ನಿಂತಿತು. ತೂಕ ಇಳಿಸುವುದನ್ನು ಕುರಿತ ಪುಸ್ತಕಗಳೂ ವಿಡಿಯೋಗಳೂ ಸಾಮಾನ್ಯವಾಗಿ ತನಗೆ ಬೇಕಾದುದನ್ನು ತಾನೇ ಬೇಯಿಸಿಕೊಂಡು, ಬೇಕಾದ ಹೊತ್ತಿಗೆ ಉಂಡು, ಬೇಕಾದಷ್ಟು ನಿದ್ರಿಸಬಲ್ಲ ವ್ಯಕ್ತಿಯೊಬ್ಬರನ್ನು ಕಲ್ಪಿಸಿಕೊಂಡಿರುತ್ತವೆ. ಅಂಥ ವ್ಯಕ್ತಿ ಇಬ್ಬರು ಮಕ್ಕಳ ತಾಯಿಯೋ ತಂದೆಯೋ ಆಗಿರುವ ಸಂಭವ ಕಡಿಮೆ.

ತೂಕ ಹೆಚ್ಚಾಗಿದೆ ಎಂದು ನಿರ್ಧರಿಸಲು ವೈದ್ಯರು ಬಳಸುವ ಸುಲಭದ ಅಳತೆ ಬಿಎಂಐ, ಅಂದರೆ ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ವಿಂಗಡಣೆಯಲ್ಲಿ ಈ ಸಂಖ್ಯೆ 25 ಮುಟ್ಟಿದರೆ ಅಧಿಕ ತೂಕ, 30 ಮುಟ್ಟಿದರೆ ಬೊಜ್ಜು; ಆದರೆ ಭಾರತೀಯರಲ್ಲಿ ಇದಕ್ಕಿಂತ ಕಡಿಮೆ ತೂಕದಲ್ಲಿಯೇ ಮಧುಮೇಹ ಮತ್ತು ರಕ್ತದೊತ್ತಡಗಳು ಕಾಣಿಸಿಕೊಳ್ಳುವುದರಿಂದ ಇಲ್ಲಿನ ತಜ್ಞರು 2009ರಲ್ಲಿ ಈ ಗಡಿಗಳನ್ನು ಕ್ರಮವಾಗಿ 23 ಮತ್ತು 25ಕ್ಕೆ ಇಳಿಸಿದರು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿ, ಇಬ್ಬರ ಬಿಎಂಐ ಕೂಡ ಒಂದೇ ಆಗಿ 22.3 ಇದ್ದರೂ ಯುಡ್ಕಿನ್ನರ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ದೇಹದಲ್ಲಿ ಶೇ. 21.2 ಇರುವುದನ್ನು ತೋರಿಸಿದ್ದು ಈ ವಿಷಯದಲ್ಲಿ ಪ್ರಸಿದ್ಧವಾದ ನಿದರ್ಶನ. ಆದ್ದರಿಂದ ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ಹೆಚ್ಚು ಸತ್ಯ ಹೇಳುತ್ತದೆ. ಭಾರತೀಯ ಮಹಿಳೆಯರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್, ಪುರುಷರಿಗೆ 90 ಸೆಂಟಿಮೀಟರ್ ಮೀರಬಾರದೆಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಮಿತಿ. ಮಕ್ಕಳಾದ ಮೇಲೆ ಹೊಟ್ಟೆ ಬರುವುದು ಸಹಜವೆಂದು ಮನೆಯ ಹಿರಿಯರು ಹೇಳುವ ಸಮಾಧಾನದ ಮಾತಿನಲ್ಲಿ ಪ್ರೀತಿಯಿದೆ, ಆದರೆ ಹೊಟ್ಟೆಯ ಸುತ್ತ ಸೇರುವ ಕೊಬ್ಬೇ ಹೆಚ್ಚು ಅಪಾಯದ್ದು.

ನಿಧಾನವಾಗಿ ಇಳಿಸುವುದೇ ಏಕೆ ಸರಿ ಎಂಬುದನ್ನು ಅರಿಯಲು ಸ್ವಲ್ಪ ಲೆಕ್ಕ ಬೇಕಾಗುತ್ತದೆ. ಆಹಾರದ ಶಕ್ತಿಯನ್ನು ಅಳೆಯುವ ಮಾನವಾದ ಕಿಲೋಕ್ಯಾಲೊರಿ ಎಂದರೆ ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾದ ಶಾಖ. ದೇಹದ ಒಂದು ಕಿಲೋ ಕೊಬ್ಬಿನ ಅಂಗಾಂಶದಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಅಡಗಿರುತ್ತದೆ. ಒಂದು ವಾರ ಉಪವಾಸಕ್ಕೆ ಸಮೀಪದ ಪಥ್ಯ ಮಾಡಿದವರು ಮೂರು ಕಿಲೋ ಇಳಿದೆವೆಂದು ಸಂತೋಷಪಡುವಾಗ ಅದರಲ್ಲಿ ಹೆಚ್ಚಿನ ಪಾಲು ನೀರೇ ಆಗಿರುತ್ತದೆ, ಏಕೆಂದರೆ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ತುರ್ತಿಗೆಂದು ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟದಂಥ ವಸ್ತುವು ತನ್ನ ಪ್ರತಿ ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿದ್ದು, ಅದು ಕರಗಿದಾಗ ನೀರೂ ಹೋಗುತ್ತದೆ, ಮತ್ತೆ ಉಂಡಾಗ ನೀರೂ ಮರಳುತ್ತದೆ. ಇದಕ್ಕೆ ಪ್ರತಿಯಾಗಿ ತಿಂಗಳಿಗೆ ಅರ್ಧ ಕಿಲೋ ಮಾತ್ರ ಇಳಿಯಬೇಕೆಂದು ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 130 ಕಿಲೋಕ್ಯಾಲೊರಿ ಕಡಿಮೆಯಾದರೆ ಸಾಕು. ಅದು ಹೆಚ್ಚುಕಡಿಮೆ ಒಂದು ದೊಡ್ಡ ಚಮಚ ಅಡುಗೆ ಎಣ್ಣೆಯಲ್ಲಿರುವ ಶಕ್ತಿ. ತೂಕ ಇಳಿದಂತೆ ದೇಹದ ಖರ್ಚೂ ಇಳಿಯುವುದರಿಂದ ಈ ಲೆಕ್ಕ ವರ್ಷವಿಡೀ ಗೆರೆ ಎಳೆದಂತೆ ನಡೆಯುವುದಿಲ್ಲ, ಮೊದಲ ತಿಂಗಳುಗಳಲ್ಲಿ ಕಂಡ ವೇಗ ಮುಂದೆ ಕುಂದುತ್ತದೆ. ಆದರೂ ಒಂದು ಚಮಚದ ಅಂತರದಿಂದ ಯಾರಿಗೂ ಹಸಿವಾಗುವುದಿಲ್ಲ, ಮನೆಯಲ್ಲಿ ಎರಡು ಬಗೆಯ ಅಡುಗೆ ಮಾಡಬೇಕಾಗಿಲ್ಲ, ಮುಖ್ಯವಾಗಿ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ ಎಂಬುದು ಸಣ್ಣ ಅನುಕೂಲವಲ್ಲ.

ಆ ಚಮಚವನ್ನು ತಟ್ಟೆಯಲ್ಲಿ ಹುಡುಕುವುದು ಕಷ್ಟ, ದಿನಸಿ ಚೀಟಿಯಲ್ಲಿ ಹುಡುಕುವುದು ಸುಲಭ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪರಿಷ್ಕರಿಸಿದ ಆಹಾರ ಮಾರ್ಗಸೂಚಿಯಲ್ಲಿ, ದಿನಕ್ಕೆ 2,000 ಕಿಲೋಕ್ಯಾಲೊರಿ ಬೇಕಾಗುವ ವ್ಯಕ್ತಿಯ ಮಾದರಿ ತಟ್ಟೆಗೆ ಎಣ್ಣೆ ತುಪ್ಪಗಳೆಲ್ಲ ಸೇರಿ 27 ಗ್ರಾಂ ಎಂದು ಸೂಚಿಸಲಾಗಿದೆ. ಮಕ್ಕಳನ್ನೂ ಪೂರ್ತಿ ಲೆಕ್ಕಕ್ಕೆ ಹಿಡಿದರೂ ಐವರ ಮನೆಗೆ ತಿಂಗಳಿಗೆ ನಾಲ್ಕು ಕಿಲೋ ಆಸುಪಾಸು, ಅಂದರೆ ಸುಮಾರು ನಾಲ್ಕೂವರೆ ಲೀಟರು. ಲೇಖಕಿಯ ಮನೆಯ ಹಳೆಯ ಚೀಟಿಗಳಲ್ಲಿ ತಿಂಗಳಿಗೊಂದು ಐದು ಲೀಟರಿನ ಕ್ಯಾನು, ಅದು ಮುಗಿದಾಗ ನಡುವೆ ತರಿಸಿದ ಒಂದೆರಡು ಪ್ಯಾಕೆಟ್ಟು, ಬೇರೆಯಾಗಿ ತುಪ್ಪ, ಇವುಗಳ ಮೇಲೆ ಹೊರಗಿನಿಂದ ಬಂದ ಚಕ್ಕುಲಿ, ಕೋಡುಬಳೆ, ಮಿಕ್ಸ್ಚರುಗಳೊಳಗೆ ಅಡಗಿ ಬಂದ ಎಣ್ಣೆ ಇದ್ದವು. ಮನೆಯಲ್ಲಿ ಕರಿದ ತಿಂಡಿ ಕಡಿಮೆಯೇ ಎಂದು ಎಲ್ಲರೂ ನಂಬಿದ್ದರು, ಆ ನಂಬಿಕೆ ತಪ್ಪೂ ಆಗಿರಲಿಲ್ಲ. ಎಣ್ಣೆ ಹೋಗುತ್ತಿದ್ದದ್ದು ಕ್ಯಾನಿನಿಂದ ಬಾಣಲೆಗೆ ನೇರವಾಗಿ ಬಗ್ಗಿಸುವ ಒಗ್ಗರಣೆಗೆ, ಬೆಳಗಿನ ಗಡಿಬಿಡಿಯಲ್ಲಿ ದೋಸೆಯ ಸುತ್ತ ಸುರಿಯುವ ಧಾರೆಗೆ, ಚಿತ್ರಾನ್ನ ಪುಳಿಯೋಗರೆಗಳು ಡಬ್ಬಿಯಲ್ಲಿ ಮಧ್ಯಾಹ್ನದವರೆಗೆ ಒಣಗದಿರಲೆಂದು ಹಾಕುವ ಹೆಚ್ಚುವರಿ ಸೌಟಿಗೆ. ಬದಲಾವಣೆ ಇಷ್ಟೇ: ದೊಡ್ಡ ಕ್ಯಾನು ನಿಂತು ಲೀಟರ್ ಪ್ಯಾಕೆಟ್ಟುಗಳು ಬಂದವು, ಒಲೆಯ ಪಕ್ಕದಲ್ಲಿ ಸಣ್ಣ ಡಬ್ಬಿಯೂ ಅದರೊಳಗೊಂದು ಅಳತೆಯ ಚಮಚವೂ ನೆಲೆಸಿದವು, ತಿಂಗಳ ಪ್ಯಾಕೆಟ್ಟುಗಳ ಸಂಖ್ಯೆಯನ್ನು ಮೊದಲೇ ಗೊತ್ತುಮಾಡಲಾಯಿತು. ರಿಯಾಯಿತಿ ದರವೆಂದು ಮನೆಗೆ ಬಂದ ದೊಡ್ಡ ಪೊಟ್ಟಣ ಎಂದೂ ಉಳಿತಾಯವಲ್ಲ, ಇದ್ದದ್ದು ಖರ್ಚಾಗಿಯೇ ತೀರುತ್ತದೆ. ಅಡುಗೆಮನೆಯ ಯಜಮಾನಿಕೆ ನಡೆಸುತ್ತಿದ್ದ ಅತ್ತೆಯವರು ಮೊದಲು ಇದನ್ನು ಜಿಪುಣತನವೆಂದೇ ತಿಳಿದರು. ಕೆಲವು ತಿಂಗಳಲ್ಲಿ ಅವರ ರಕ್ತದ ಕೊಬ್ಬಿನ ವರದಿಯನ್ನು ನೋಡಿದ ವೈದ್ಯರು ಕರಿದದ್ದು ಬೇಡವೆಂದ ಮೇಲೆ ಆ ಚಮಚದ ಕಾವಲು ಅವರದೇ ಆಯಿತು.

ತಂದೆತಾಯಿಯರಿಗೇ ಮೀಸಲಾದ ಇನ್ನೊಂದು ದಾರಿಯಿಂದಲೂ ತೂಕ ಬರುತ್ತದೆ, ಅದು ಮಕ್ಕಳ ತಟ್ಟೆ. ಅನ್ನ ಚೆಲ್ಲಬಾರದೆಂಬ ಸಂಸ್ಕಾರದಲ್ಲಿ ಬೆಳೆದ ತಾಯಿ, ಮಗು ಬಿಟ್ಟ ಅರ್ಧ ದೋಸೆ, ಶಾಲೆಯಿಂದ ಮರಳಿದ ಡಬ್ಬಿಯ ಮೂಲೆಯಲ್ಲಿ ಉಳಿದ ಅವಲಕ್ಕಿ, ರಾತ್ರಿ ಕಲಸಿಟ್ಟು ಬೇಡವೆಂದು ತಳ್ಳಿದ ಎರಡು ತುತ್ತು ಮೊಸರನ್ನ, ಇವನ್ನೆಲ್ಲ ನಿಂತಲ್ಲೇ ಬಾಯಿಗೆ ಹಾಕಿಕೊಂಡು ತಟ್ಟೆ ತೊಳೆಯಲು ಹಾಕುತ್ತಾಳೆ. ತನ್ನ ಊಟವೆಷ್ಟೆಂದು ಕೇಳಿದಾಗ ಇವು ಯಾವುವೂ ಅವಳ ನೆನಪಿಗೆ ಬರುವುದಿಲ್ಲ, ಏಕೆಂದರೆ ಅವನ್ನು ಅವಳು ಊಟವೆಂದು ಎಣಿಸಿಯೇ ಇರುವುದಿಲ್ಲ. ಇಲ್ಲಿ ಸಂಸ್ಕಾರವನ್ನು ಬಿಡಬೇಕಾಗಿಲ್ಲ, ಬಡಿಸುವ ಕ್ರಮವನ್ನು ತಿದ್ದಬೇಕು. ಮೊದಲು ಸ್ವಲ್ಪವೇ ಬಡಿಸಿ ಮಗು ಕೇಳಿದಾಗ ಮತ್ತೆ ಹಾಕುವುದು, ಡಬ್ಬಿಗೆ ಮಗು ನಿಜವಾಗಿ ತಿನ್ನುವಷ್ಟನ್ನೇ ತುಂಬುವುದು ಮತ್ತು ಬಿಟ್ಟದ್ದನ್ನು ಮುಚ್ಚಿಟ್ಟು ಸಂಜೆ ಹಸಿದಾಗ ಅದೇ ಮಗುವಿನ ಮುಂದಿಡುವುದು ಈ ಮನೆಯಲ್ಲಿ ರೂಢಿಯಾಯಿತು. ಇನ್ನೊಂದು ತುತ್ತು, ಅಮ್ಮನಿಗಾಗಿ ಒಂದು, ಅಜ್ಜಿಗಾಗಿ ಒಂದು ಎಂದು ತುರುಕುವ ಅಭ್ಯಾಸವನ್ನು ಬಿಡುವುದು ದೊಡ್ಡವರಿಗೇ ಹೆಚ್ಚು ಕಷ್ಟವಾಯಿತೆನ್ನಬೇಕು.

ಆಹಾರದ ಆಯ್ಕೆಯ ವಿಷಯದಲ್ಲಿ ರಾಗಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ರಾಗಿ ಮುದ್ದೆ ಉಂಡರೆ ತೆಳ್ಳಗಾಗುತ್ತಾರೆಂಬ ಮಾತು ಈಗ ನಗರಗಳಲ್ಲಿ ಜೋರಾಗಿದೆ. ಆದರೆ ನೂರು ಗ್ರಾಂ ರಾಗಿಹಿಟ್ಟಿಗೂ ನೂರು ಗ್ರಾಂ ಅಕ್ಕಿಗೂ ಶಕ್ತಿಯ ಪ್ರಮಾಣದಲ್ಲಿ ದೊಡ್ಡ ಅಂತರವಿಲ್ಲ. ಅಂತರವಿರುವುದು ನಾರಿನಲ್ಲಿ: ರಾಗಿಯಲ್ಲಿ ನೂರಕ್ಕೆ ಸುಮಾರು 11 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮಿಗಿಂತ ಕಡಿಮೆ, ಈ ನಾರು ಹೊಟ್ಟೆ ತುಂಬಿದ ಭಾವವನ್ನು ಹೆಚ್ಚು ಹೊತ್ತು ಉಳಿಸುತ್ತದೆ. ಮುದ್ದೆಯ ಊಟದ ನಿಜವಾದ ಬಲವಿರುವುದು ಅದರ ಜೊತೆಗೆ ಬರುವ ಬಸ್ಸಾರು, ಉಪ್ಸಾರು, ಮಸ್ಸೊಪ್ಪುಗಳಲ್ಲಿ, ಸೊಪ್ಪು ಕಾಳುಗಳ ಪಾಲು ಹಿಟ್ಟಿನ ಪಾಲಿಗೆ ಸರಿದೂಗುವುದರಲ್ಲಿ. ಮೇಲೆ ಹೇಳಿದ ಮಾದರಿ ತಟ್ಟೆಯಲ್ಲಿಯೂ ದಿನಕ್ಕೆ 250 ಗ್ರಾಂ ಧಾನ್ಯಕ್ಕೆ 400 ಗ್ರಾಂ ತರಕಾರಿ ಸೊಪ್ಪುಗಳು, 85 ಗ್ರಾಂ ಬೇಳೆಕಾಳುಗಳು ಇವೆ. ನಗರದ ಮನೆಗಳಲ್ಲಿ ಇದು ತಿರುವುಮುರುವಾಗಿ ಅನ್ನದ ಗುಡ್ಡೆಯ ಪಕ್ಕದಲ್ಲಿ ಪಲ್ಯ ನೆಪಕ್ಕೆ ಮಾತ್ರ ಉಳಿದಿದೆ, ಹೆಸರುಬೇಳೆ ಕೋಸಂಬರಿ ರಾಮನವಮಿಗೂ ಮದುವೆಮನೆಗೂ ಸೀಮಿತವಾಗಿದೆ. ವಾರದಲ್ಲಿ ಮೂರು ದಿನ ಕೋಸಂಬರಿ, ಪ್ರತಿ ಸಂಜೆ ಬೇಕರಿಯ ಖಾರಾ ಬನ್ನಿನ ಜಾಗದಲ್ಲಿ ಹುರಿದ ಕಡಲೆಬೀಜ ಅಥವಾ ಕಾಳಿನ ಉಸಲಿ ಎಂಬ ಏರ್ಪಾಡಿಗೆ ಮಕ್ಕಳು ಗೊಣಗುತ್ತಲೇ ಒಗ್ಗಿಕೊಂಡರು. ಕಾಫಿಯ ಸಕ್ಕರೆಯನ್ನು ಅರ್ಧಕ್ಕಿಳಿಸಲಾಯಿತೇ ಹೊರತು ಕಾಫಿಯನ್ನು ಯಾರೂ ಬಿಡಲಿಲ್ಲ. ಎಲ್ಲವನ್ನೂ ಒಮ್ಮೆಗೇ ಕಿತ್ತುಕೊಂಡ ಮನೆಯಲ್ಲಿ ಯಾವ ಸುಧಾರಣೆಯೂ ಬಾಳುವುದಿಲ್ಲ.

ಅಭ್ಯಾಸ ಬೇರೂರಲು ಎಷ್ಟು ಕಾಲ ಬೇಕೆಂಬ ಪ್ರಶ್ನೆಗೆ ಇಪ್ಪತ್ತೊಂದು ದಿನ ಎಂಬ ಉತ್ತರ ಎಲ್ಲೆಡೆ ಹರಿದಾಡುತ್ತದೆ. ಆದರೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿ 2009ರಲ್ಲಿ ಹೊರತಂದ ಅಧ್ಯಯನದಲ್ಲಿ, ಒಂದು ಹೊಸ ನಡವಳಿಕೆ ಯೋಚನೆಯಿಲ್ಲದೆ ತಾನಾಗಿಯೇ ನಡೆಯುವ ಹಂತ ತಲುಪಲು ಸರಾಸರಿ 66 ದಿನ ಬೇಕಾಯಿತು, ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಯಿತು. ಆ ಅಧ್ಯಯನದ ಇನ್ನೊಂದು ಫಲಿತಾಂಶ ತಂದೆತಾಯಿಯರಿಗೆ ಹೆಚ್ಚು ಉಪಯುಕ್ತ: ನಡುವೆ ಒಂದು ಸಲ ತಪ್ಪಿದ್ದರಿಂದ ಅಭ್ಯಾಸದ ಬೆಳವಣಿಗೆಗೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ. ಮಗುವಿಗೆ ಜ್ವರ ಬಂದ ವಾರ, ಪರೀಕ್ಷೆಯ ತಿಂಗಳು, ದಸರೆಗೆ ಊರಿನಿಂದ ಬಂದ ನೆಂಟರ ಗುಂಪು, ಯುಗಾದಿಯ ಒಬ್ಬಟ್ಟು, ಇವೆಲ್ಲ ಮನೆಯ ಬದುಕಿನ ಭಾಗಗಳೇ ಹೊರತು ವ್ರತಭಂಗಗಳಲ್ಲ. ಒಬ್ಬಟ್ಟನ್ನು ಹಬ್ಬದ ದಿನ ಎಲೆಯ ಮುಂದೆ ಕುಳಿತು ತುಪ್ಪದೊಡನೆ ತಿನ್ನುವುದಕ್ಕೂ, ಮುಂದಿನ ನಾಲ್ಕು ದಿನ ಫ್ರಿಜ್ಜಿನ ಬಾಗಿಲು ತೆರೆದಾಗಲೆಲ್ಲ ಒಂದೊಂದು ಚೂರು ಮುರಿದು ತಿನ್ನುವುದಕ್ಕೂ ಇರುವ ಭೇದವನ್ನು ತಿಳಿದರೆ ಹಬ್ಬಗಳಿಗೆ ಹೆದರಬೇಕಾಗಿಲ್ಲ.

ನಿದ್ರೆಯ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ, ಹೇಳಿದರೂ ಚಿಕ್ಕ ಮಗುವಿರುವವರು ಮಾಡಬಹುದಾದದ್ದು ಅಲ್ಪ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದರಲ್ಲಿ, ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿದ ತರುಣರಲ್ಲಿ ಹೊಟ್ಟೆ ತುಂಬಿದೆಯೆಂದು ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನು ಶೇ. 18ರಷ್ಟು ಕಡಿಮೆಯಾಗಿ, ಹಸಿವನ್ನು ಕೆರಳಿಸುವ ಗ್ರೆಲಿನ್ ಶೇ. 28ರಷ್ಟು ಹೆಚ್ಚಿದ್ದು ಕಂಡುಬಂತು. ರಾತ್ರಿ ಮಕ್ಕಳು ಮಲಗಿದ ಮೇಲೆ ಸಿಕ್ಕ ಬಿಡುವೆಂದು ಮೊಬೈಲ್ ಹಿಡಿದು ಕೂರುವ ದೊಡ್ಡವರಿಗೆ ಹನ್ನೊಂದು ಗಂಟೆಗೆ ಖಾರಾಬೂಂದಿಯ ನೆನಪಾಗುವುದಕ್ಕೆ ನಾಲಗೆಯೊಂದನ್ನೇ ದೂರುವುದು ನ್ಯಾಯವಲ್ಲ.

ತೂಕದ ಸಂಖ್ಯೆಯೊಂದೇ ಗುರಿಯಾದರೆ ಆಗುವ ನಷ್ಟವನ್ನೂ ಇಲ್ಲಿ ಗಮನಿಸಬೇಕು. ಚೆನ್ನೈನ ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ಆಹಾರ ಮತ್ತು ನಡಿಗೆಗಳ ಕ್ರಮವನ್ನು ತಿದ್ದಿಕೊಂಡವರ ಗುಂಪಿನಲ್ಲಿ ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ ಮಧುಮೇಹಕ್ಕೆ ಜಾರುವ ಸಂಭವ ಶೇ. 28.5ರಷ್ಟು ಕಡಿಮೆಯಾಯಿತು. ಯಂತ್ರದ ಮುಳ್ಳು ಅಲುಗದ ತಿಂಗಳುಗಳಲ್ಲಿಯೂ ಅಭ್ಯಾಸವನ್ನು ಬಿಡದಿರಲು ಇದಕ್ಕಿಂತ ಗಟ್ಟಿಯಾದ ಕಾರಣ ಬೇಕಿಲ್ಲ.

ನಡಿಗೆಯ ವಿಷಯದಲ್ಲಿ ಜ್ಞಾನದ ಕೊರತೆ ಯಾರಿಗೂ ಇಲ್ಲ, ಕೊರತೆಯಿರುವುದು ಹೊತ್ತಿನದು. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ನಡೆಯುವವರನ್ನು ನೋಡಿದರೆ ನಿವೃತ್ತರು, ವಿದ್ಯಾರ್ಥಿಗಳು, ಗಂಡಸರು ಹೆಚ್ಚಾಗಿ ಕಾಣುತ್ತಾರೆ. ಚಿಕ್ಕ ಮಕ್ಕಳ ತಾಯಂದಿರು ಆ ಹೊತ್ತಿನಲ್ಲಿ ಕುಕ್ಕರಿನ ಸೀಟಿ ಎಣಿಸುತ್ತ, ಜಡೆ ಹೆಣೆಯುತ್ತ, ಶಾಲೆಯ ವ್ಯಾನಿನ ಹಾರ್ನಿಗೆ ಕಿವಿಗೊಟ್ಟಿರುತ್ತಾರೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದ ಮಹಿಳೆಯರ ಪ್ರಮಾಣ ಶೇ. 81.2, ಪುರುಷರದು ಶೇ. 26.1, ಹಾಗೆ ತೊಡಗಿದವರಲ್ಲಿಯೂ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ, ಪುರುಷರು 97 ನಿಮಿಷ ಕಳೆಯುತ್ತಿದ್ದರು. ಲೇಖಕಿಯ ಮನೆಯಲ್ಲಿ ನಡಿಗೆ ಸಾಧ್ಯವಾದದ್ದು ಅಲಾರಂ ಬೇಗ ಇಟ್ಟಿದ್ದರಿಂದಲ್ಲ, ಬೆಳಗಿನ ಡಬ್ಬಿ ಕಟ್ಟುವ ಮತ್ತು ಮಕ್ಕಳನ್ನು ವ್ಯಾನು ಹತ್ತಿಸುವ ಕೆಲಸ ಪೂರ್ತಿಯಾಗಿ ಪತಿಯ ಪಾಲಿಗೆ ಹೋದದ್ದರಿಂದ. ಆರಂಭದ ದಿನಗಳಲ್ಲಿ ಡಬ್ಬಿಯಲ್ಲಿ ಉಪ್ಪು ಮರೆತ ಉಪ್ಪಿಟ್ಟು ಹೋದದ್ದುಂಟು, ಅದರಿಂದ ಮಕ್ಕಳಿಗೇನೂ ಆಗಲಿಲ್ಲ. ಈ ಹಂಚಿಕೆಯೊಂದು ನಡೆಯದಿದ್ದರೆ ಎಣ್ಣೆಯ ಚಮಚ, ಕೋಸಂಬರಿ, ಮಾರ್ಗಸೂಚಿಗಳೆಲ್ಲ ಅವಳ ಕೆಲಸದ ಪಟ್ಟಿಗೆ ಸೇರಿದ ಇನ್ನಷ್ಟು ಕೆಲಸಗಳಾಗುತ್ತಿದ್ದವು. ಆದ್ದರಿಂದ ತೂಕ ಇಳಿಸಿಕೊಳ್ಳಿ, ದಿನಾ ಅರ್ಧ ಗಂಟೆ ನಡೆಯಿರಿ ಎಂದು ಚಿಕ್ಕ ಮಕ್ಕಳ ತಾಯಿಗೆ ಚೀಟಿ ಬರೆದುಕೊಡುವ ವೈದ್ಯರು, ಆ ಅರ್ಧ ಗಂಟೆಯ ಮನೆಗೆಲಸ ಯಾರು ಮಾಡಬೇಕೆಂಬುದನ್ನೂ ಜೊತೆಗೆ ಬಂದ ಗಂಡನನ್ನು ಕರೆದು ಹೇಳಬೇಕು.