ಹಳೆಯ ಟ್ರ್ಯಾಕ್ಟರಿನ ಮಂಕು ದೀಪ

ಕಬ್ಬಿನ ಹೇರು ಎಳೆದು ಕತ್ತಲಲ್ಲಿ ಬರುವಾಗ ಟ್ರ್ಯಾಕ್ಟರಿನ ದೀಪ ಮಂಕಾಗಿದ್ದರೆ ಎದುರಿನ ಎತ್ತಿನಗಾಡಿ ಹತ್ತಿರ ಬರುವತನಕ ಕಾಣದು. ಕೂಡಲೇ ಹೊಸ ಬಲ್ಬಿಗೆ ಹಣ ಸುರಿಯಬೇಡಿ. ಬಹಳ ಸಲ ದೋಷ ಅರ್ತಿಂಗಿನದು. ದೀಪ ಹೊತ್ತಿಸಿ, ದೀಪದ ಲೋಹದ ಕವಚಕ್ಕೂ ಟ್ರ್ಯಾಕ್ಟರಿನ ಮೈಗೆ ಸೇರಿದ ಬ್ಯಾಟರಿ ತುದಿಗೂ ಒಂದು ತಂತಿ ಹಿಡಿದು ನೋಡಿ. ಬೆಳಕು ಏರಿತೆ? ರೋಗ ಸಿಕ್ಕಿತು. ಬ್ಯಾಟರಿಯ ಅರ್ತ್ ತಂತಿ ಕಳಚಿ, ದೀಪ ಕೂತ ಕಡೆಯ ತುಕ್ಕು, ಬಣ್ಣಗಳನ್ನು ಉಪ್ಪುಕಾಗದದಿಂದ ಉಜ್ಜಿ, ಬೋಲ್ಟು ಬಿಗಿಯಿರಿ.

ದೊಡ್ಡ ಬಲ್ಬಿನ ಮಾತು ಆಮೇಲೆ. 12 ವೋಲ್ಟಿನಲ್ಲಿ 55 ವಾಟಿನ ಎರಡು ಬಲ್ಬು ಸುಮಾರು 9 ಆಂಪಿಯರ್ ಎಳೆಯುತ್ತವೆ. ಹಳೆಯ ಡೈನಮೋ ಹಲವು ಕೊಡುವುದೇ 11. ಎಲ್‌ಇಡಿ ಕಡಿಮೆ ಎಳೆಯುತ್ತದೆ, ನಿಜ. ಆದರೆ ಕೆಲವು ಹಳೆಯ ಯಂತ್ರಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಮೈಗೆ ಸೇರಿರುತ್ತದೆ. ಅದನ್ನು ನೋಡದೆ ಹಾಕಿದರೆ ಎಲ್‌ಇಡಿ ಉರಿಯದು, ಕೆಡಲೂಬಹುದು.