ಮೊಬೈಲ್ ಗುಂಪಿನ ಮಾತು ಹೊಲಕ್ಕೆ ಇಳಿಯುವ ಮುನ್ನ

ರೈತನು ರೈತನಿಂದ ಕಲಿಯುವುದು ಬೇಸಾಯದಷ್ಟೇ ಹಳೆಯದು. ಊರ ಮುಂದಿನ ಕಟ್ಟೆ, ವಾರದ ಸಂತೆ, ಹಿಟ್ಟಿನ ಗಿರಣಿ, ಹಾಲಿನ ಡೇರಿ ಇವೆಲ್ಲವೂ ಬೇಸಾಯದ ಪಾಠಶಾಲೆಗಳೇ. ಈಗ ಇವುಗಳ ಸಾಲಿಗೆ ಮೊಬೈಲ್ ಫೋನಿನ ವಾಟ್ಸ್‌ಆ್ಯಪ್ ಗುಂಪುಗಳೂ ಸೇರಿವೆ. ಬೀಜ ಎಲ್ಲಿ ಸಿಗುತ್ತದೆ, ಮಾರುಕಟ್ಟೆಯಲ್ಲಿ ಇಂದಿನ ಧಾರಣೆ ಎಷ್ಟು, ಎಲೆ ಏಕೆ ಹಳದಿಯಾಗಿದೆ, ಕರುವಿಗೆ ಭೇದಿಯಾದರೆ ಏನು ಮಾಡಬೇಕು ಎಂಬ ಪ್ರಶ್ನೆಗಳಿಗೆ ಕ್ಷಣಮಾತ್ರದಲ್ಲಿ ಹತ್ತಾರು ಉತ್ತರಗಳು ಬರುತ್ತವೆ.

ಆದರೆ ಕಟ್ಟೆಯ ಮಾತಿಗೂ ಫೋನಿನ ಮಾತಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕಟ್ಟೆಯ ಮೇಲೆ ಮಾತನಾಡುವವನ ಹೊಲ ಕೇಳುವವನಿಗೆ ಗೊತ್ತಿರುತ್ತದೆ. ಅವನದು ಎರೆಯೋ ಮಸಾರಿಯೋ, ಬಾವಿಯ ನೀರು ಸಿಹಿಯೋ ಸವಳೋ, ಬಿತ್ತಿದ್ದು ಯಾವ ಮಳೆಗೆ ಎಂಬುದು ತಿಳಿದಿರುತ್ತದೆ. ಸಂಶಯವಿದ್ದರೆ ಮಾರನೆಯ ದಿನ ಹೋಗಿ ನೋಡಬಹುದು. ಫೋನಿನಲ್ಲಿ ಮಾತು ಮಾತ್ರ ಬರುತ್ತದೆ. ಆ ಮಾತಿನ ಹಿಂದಿನ ಹೊಲ ಬರುವುದಿಲ್ಲ.

ಸುಣ್ಣದ ವಿಷಯವನ್ನೇ ತೆಗೆದುಕೊಳ್ಳಬಹುದು. ಮಲೆನಾಡು ಮತ್ತು ಕರಾವಳಿಯ ಹೆಚ್ಚು ಮಳೆ ಬೀಳುವ ಪ್ರದೇಶದ ಮಣ್ಣು ಹುಳಿಯಾಗಿರುತ್ತದೆ. ಅಲ್ಲಿ ಸುಣ್ಣ ಹಾಕುವುದು ಲಾಭದಾಯಕ. “ಸುಣ್ಣ ಹಾಕಿದೆ, ಬೆಳೆ ಸುಧಾರಿಸಿತು” ಎಂದು ಅಲ್ಲಿನ ರೈತನು ಬರೆದರೆ ಅದು ನಿಜವೇ. ಆದರೆ ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಸುಣ್ಣದ ಅಂಶ ಮೊದಲೇ ಸಾಕಷ್ಟಿರುತ್ತದೆ. ಅಲ್ಲಿ ಇನ್ನಷ್ಟು ಸುಣ್ಣ ಸುರಿದರೆ ಹಣ ವ್ಯರ್ಥವಾಗುವುದಲ್ಲದೆ ಕಬ್ಬಿಣ, ಸತು ಮುಂತಾದ ಪೋಷಕಾಂಶಗಳು ಬೆಳೆಗೆ ಸಿಗುವುದು ಇನ್ನೂ ಕಡಿಮೆಯಾಗುತ್ತದೆ. ಹೇಳಿದವನು ಸುಳ್ಳು ಹೇಳಿಲ್ಲ, ಆದರೂ ಕೇಳಿದವನಿಗೆ ನಷ್ಟವಾಗುತ್ತದೆ. ಆದುದರಿಂದ ಗುಂಪಿನಲ್ಲಿ ಬಂದ ಮಾತಿಗೆ ಅದರ ಹೊಲವನ್ನು ಸೇರಿಸಿಕೊಂಡು ಓದುವ ಅಭ್ಯಾಸ ಪ್ರತಿಯೊಬ್ಬ ರೈತನಿಗೂ ಅಗತ್ಯ.

ನಿಶ್ಚಿಂತೆಯಿಂದ ಕಲಿಯಬಹುದಾದ ವಿಷಯಗಳು

ತಪ್ಪಾದರೂ ಹೆಚ್ಚು ಹಾನಿಯಾಗದ, ಕೈಗೆಲಸಕ್ಕೆ ಸಂಬಂಧಿಸಿದ ಸಣ್ಣ ವಿಷಯಗಳನ್ನು ಗುಂಪಿನಿಂದ ಧಾರಾಳವಾಗಿ ಕಲಿಯಬಹುದು. ಇದಕ್ಕೆ ಒಳ್ಳೆಯ ಉದಾಹರಣೆ ಬಾಳೆಕಾಯಿ ಹುಡಿ. 2021ರಲ್ಲಿ ಕರಾವಳಿ ಮತ್ತು ಮಲೆನಾಡಿನ ಅನೇಕ ಮನೆಗಳಲ್ಲಿ ಬಾಳೆಕಾಯಿಯನ್ನು ಒಣಗಿಸಿ ಹಿಟ್ಟು ಮಾಡುವ ಕೆಲಸ ಆರಂಭವಾಯಿತು. “ಬಾಕಾಹು” ಎಂಬ ಚಿಕ್ಕ ಹೆಸರಿನಲ್ಲಿ ಇದು ಹೆಚ್ಚಾಗಿ ವಾಟ್ಸ್‌ಆ್ಯಪ್ ಗುಂಪುಗಳ ಮೂಲಕವೇ ಹರಡಿತು. ಬಲಿತ ಕಾಯಿಯನ್ನು ತೆಳ್ಳಗೆ ಹೋಳು ಮಾಡುವುದು, ಹೋಳು ಕಪ್ಪಾಗದಂತೆ ಉಪ್ಪು ಬೆರೆಸಿದ ಮಜ್ಜಿಗೆ ನೀರು ಅಥವಾ ಗಂಜಿ ತಿಳಿಯಲ್ಲಿ ಅದ್ದಿ ತೆಗೆಯುವುದು, ಮುರಿದರೆ ಲಟಕ್ಕೆಂದು ಮುರಿಯುವವರೆಗೆ ಬಿಸಿಲಿನಲ್ಲಿ ಒಣಗಿಸುವುದು ಇವೆಲ್ಲ ಒಬ್ಬರು ಮಾಡಿ ಇನ್ನೊಬ್ಬರಿಗೆ ಹೇಳಿಕೊಡುವ ಕೆಲಸಗಳು. ಮೊದಲ ಬಾರಿ ಕೆಟ್ಟರೆ ಒಂದು ಚಿಪ್ಪು ಕಾಯಿ ಹೋದೀತು, ಅಷ್ಟೇ.

ಬಿತ್ತನೆಗೆ ಮುನ್ನ 100 ಕಾಳುಗಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು ಎಷ್ಟು ಮೊಳೆತವು ಎಂದು ಎಣಿಸುವುದು, ಭತ್ತದ ಬೀಜವನ್ನು ಉಪ್ಪುನೀರಿನಲ್ಲಿ ಹಾಕಿ ತೇಲುವ ಜೊಳ್ಳನ್ನು ತೆಗೆದು ಉಳಿದುದನ್ನು ಒಳ್ಳೆಯ ನೀರಿನಲ್ಲಿ ತೊಳೆಯುವುದು ಇವೂ ಇದೇ ಜಾತಿಗೆ ಸೇರಿದವು.

ಹೊಸ ಕೀಟವನ್ನು ಗುರುತಿಸುವುದಕ್ಕೂ ಗುಂಪು ನೆರವಾಗುತ್ತದೆ. ಮುಸುಕಿನ ಜೋಳದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡುಬಂದದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗ ಜಿಲ್ಲೆಯಲ್ಲಿ. ಇದರ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರದಂತಹ ಬಿಳಿ ಗೆರೆಯೂ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳೂ ಇರುತ್ತವೆ. ಸುಳಿಯಲ್ಲಿ ಗರಗಸದ ಹೊಟ್ಟಿನಂತಹ ಹಿಕ್ಕೆ ಕಾಣುತ್ತದೆ. ತಲೆ ಮತ್ತು ಬಾಲ ಎರಡೂ ಸ್ಪಷ್ಟವಾಗಿರುವ ಒಂದು ಚಿತ್ರವಿದ್ದರೆ ಗುರುತಿಸುವುದು ಕಷ್ಟವಲ್ಲ. ಕೇವಲ ತೂತು ಬಿದ್ದ ಎಲೆಯ ಚಿತ್ರ ಕಳುಹಿಸಿದರೆ ಕಾಂಡ ಕೊರೆಯುವ ಹುಳುವೋ ಸೈನಿಕ ಹುಳುವೋ ಎಂದು ಹೇಳುವುದು ಕಷ್ಟ.

ಕೇಳುವ ಕ್ರಮ

ಗುಂಪಿನಲ್ಲಿ ತಪ್ಪು ಉತ್ತರ ಬರುವುದಕ್ಕೆ ಹಲವು ಬಾರಿ ಪ್ರಶ್ನೆಯೇ ಕಾರಣ. ಒಂದು ಹಳದಿ ಎಲೆಯ ಚಿತ್ರ ಹಾಕಿ “ಇದಕ್ಕೆ ಯಾವ ಔಷಧಿ?” ಎಂದು ಕೇಳಿದರೆ ಐದು ಜನ ಐದು ಔಷಧಿ ಹೇಳುತ್ತಾರೆ. ಎಲೆ ಹಳದಿಯಾಗಲು ಅನೇಕ ಕಾರಣಗಳಿವೆ:

1. ಸಾರಜನಕದ ಕೊರತೆಯಾದರೆ ಮೊದಲು ಕೆಳಗಿನ ಹಳೆಯ ಎಲೆಗಳು ಹಳದಿಯಾಗುತ್ತವೆ.
2. ಪೊಟ್ಯಾಷ್ ಕೊರತೆಯಾದರೆ ಹಳೆಯ ಎಲೆಗಳ ಅಂಚು ಹಳದಿಯಾಗಿ ಸುಟ್ಟಂತೆ ಕಾಣುತ್ತದೆ.
3. ಕಬ್ಬಿಣದ ಕೊರತೆಯಾದರೆ ತುದಿಯ ಹೊಸ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಸುಣ್ಣದ ಅಂಶವಿರುವ ಭೂಮಿಯ ನೆಲಗಡಲೆಯಲ್ಲಿ ಇದು ಸಾಮಾನ್ಯ.
4. ಬೇರಿನ ಬಳಿ ನೀರು ನಿಂತಿದ್ದರೂ ಬೆಳೆ ಹಳದಿಯಾಗುತ್ತದೆ. ಆಗ ಬೇಕಾದದ್ದು ಔಷಧಿಯಲ್ಲ, ಬಸಿಗಾಲುವೆ.

ಹಳೆಯ ಎಲೆಯೋ ಹೊಸ ಎಲೆಯೋ ಎಂಬ ಒಂದು ಮಾತು ಹೇಳದಿದ್ದರೆ ಉತ್ತರ ಕೊಡುವವನು ಕತ್ತಲಲ್ಲಿ ಕಲ್ಲೆಸೆದಂತೆಯೇ. ಆದುದರಿಂದ ಪ್ರಶ್ನೆಯೊಡನೆ ಬೆಳೆ ಮತ್ತು ತಳಿ, ಬಿತ್ತಿದ ದಿನಾಂಕ, ತಾಲ್ಲೂಕು, ಮಣ್ಣು, ನೀರಾವರಿಯೋ ಮಳೆಯಾಶ್ರಿತವೋ, ಈಗಾಗಲೇ ಹಾಕಿದ ಗೊಬ್ಬರ ಹಾಗೂ ಸಿಂಪಡಿಸಿದ ಔಷಧಿ ಇಷ್ಟನ್ನು ಬರೆಯಬೇಕು. ಚಿತ್ರಗಳು ಮೂರು ಇರಬೇಕು: ಇಡೀ ತಾಕು, ಇಡೀ ಗಿಡ, ಹತ್ತಿರದಿಂದ ತೆಗೆದ ಎಲೆ ಅಥವಾ ಹುಳು. ತಾಕಿನಲ್ಲೆಲ್ಲ ಒಂದೇ ಸಮನೆ ಇದೆಯೋ, ಅಲ್ಲಲ್ಲಿ ಮಚ್ಚೆಯಂತೆ ಇದೆಯೋ ಎಂಬುದು ಮೊದಲ ಚಿತ್ರದಿಂದಲೇ ತಿಳಿಯುತ್ತದೆ.

ಅಳತೆಯಲ್ಲಿ ಎಚ್ಚರಿಕೆ

ಮಾತು ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾರುವಾಗ ಮೊದಲು ಉದುರುವುದು ಅಳತೆ. ಶಿಫಾರಸುಗಳನ್ನು ಸಾಮಾನ್ಯವಾಗಿ ಹೆಕ್ಟೇರಿನ ಲೆಕ್ಕದಲ್ಲಿ ಕೊಡುತ್ತಾರೆ. ರೈತರು ಲೆಕ್ಕ ಹಾಕುವುದು ಎಕರೆಯಲ್ಲಿ. ಒಂದು ಹೆಕ್ಟೇರು ಎಂದರೆ ಸುಮಾರು ಎರಡೂವರೆ ಎಕರೆ.

ಒಂದು ಬೆಳೆಗೆ ಹೆಕ್ಟೇರಿಗೆ 100 ಕಿ.ಗ್ರಾಂ ಸಾರಜನಕ ಕೊಡಬೇಕೆಂದು ಭಾವಿಸಿದರೆ ಎಕರೆಗೆ 40 ಕಿ.ಗ್ರಾಂ ಆಯಿತು. ಯೂರಿಯಾದಲ್ಲಿ ಶೇಕಡ 46ರಷ್ಟು ಸಾರಜನಕವಿರುವುದರಿಂದ ಇದಕ್ಕೆ ಸುಮಾರು 87 ಕಿ.ಗ್ರಾಂ ಯೂರಿಯಾ, ಅಂದರೆ 45 ಕಿ.ಗ್ರಾಂನ ಎರಡು ಚೀಲಕ್ಕಿಂತ ತುಸು ಕಡಿಮೆ ಸಾಕು. “ಹೆಕ್ಟೇರಿಗೆ” ಎಂಬ ಪದ ಬಿಟ್ಟುಹೋಗಿ ಅದೇ 100 ಕಿ.ಗ್ರಾಂ ಎಕರೆಗೆಂದು ತಿಳಿದರೆ ಸುಮಾರು 217 ಕಿ.ಗ್ರಾಂ, ಅಂದರೆ ಹೆಚ್ಚುಕಡಿಮೆ ಐದು ಚೀಲ ಬೀಳುತ್ತದೆ. ಬೆಳೆ ಸೊಕ್ಕಿ ಬೆಳೆದು ಒರಗುತ್ತದೆ, ಕೀಟರೋಗಗಳು ಹೆಚ್ಚುತ್ತವೆ, ಹಣವೂ ಹೋಗುತ್ತದೆ.

ಶೇಕಡಾ ಲೆಕ್ಕವೂ ಹಾಗೆಯೇ. ಶೇ. 1ರ ದ್ರಾವಣವೆಂದರೆ ಲೀಟರಿಗೆ 10 ಗ್ರಾಂ, ಶೇ. 0.5 ಎಂದರೆ 5 ಗ್ರಾಂ. ಬರೆಯುವಾಗ ಒಂದು ಚುಕ್ಕೆ ತಪ್ಪಿ 0.5 ಎಂಬುದು 5 ಆದರೆ ಪ್ರಮಾಣ ಹತ್ತು ಪಟ್ಟಾಗಿ ಎಲೆಗಳು ಸುಟ್ಟುಹೋಗುತ್ತವೆ. “ಒಂದು ಟ್ಯಾಂಕಿಗೆ ಒಂದು ಮುಚ್ಚಳ” ಎಂಬ ಅಳತೆಯನ್ನು ನಂಬಲೇಬಾರದು. ಬೆನ್ನಿಗೆ ಹಾಕುವ ಸಿಂಪರಣಾ ಯಂತ್ರಗಳಲ್ಲಿ 10 ಲೀಟರಿನದೂ ಇದೆ, 16 ಲೀಟರಿನದೂ ಇದೆ. ಮುಚ್ಚಳಗಳಂತೂ ಒಂದೊಂದು ಬಾಟಲಿಗೆ ಒಂದೊಂದು ಗಾತ್ರ.

ಅಳತೆಯಷ್ಟೇ ಮುಖ್ಯವಾದ ಕೊನೆಯ ಹಂತವೂ ದಾರಿಯಲ್ಲಿ ಕಳೆದುಹೋಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬಳಸುವ ಶೇ. 1ರ ಬೋರ್ಡೋ ದ್ರಾವಣಕ್ಕೆ 1 ಕಿ.ಗ್ರಾಂ ಮೈಲುತುತ್ತ, 1 ಕಿ.ಗ್ರಾಂ ಸುಣ್ಣ, 100 ಲೀಟರ್ ನೀರು ಎಂಬುದು ಎಲ್ಲರಿಗೂ ತಿಳಿದಿದೆ. ಆದರೆ ತಯಾರಾದ ದ್ರಾವಣದಲ್ಲಿ ಹೊಳೆಯುವ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ನೋಡಬೇಕೆಂಬ ಮಾತು ಅನೇಕ ಸಂದೇಶಗಳಲ್ಲಿ ಇರುವುದಿಲ್ಲ. ಚಾಕುವಿನ ಮೇಲೆ ಕೆಂಪು ಲೇಪ ಕಂಡರೆ ತಾಮ್ರದ ಅಂಶ ಹೆಚ್ಚಿದೆ ಎಂದರ್ಥ. ಲೇಪ ಕಾಣದಂತಾಗುವವರೆಗೆ ಸುಣ್ಣದ ನೀರು ಸೇರಿಸಬೇಕು. ಈ ಪರೀಕ್ಷೆ ಮಾಡದೆ ಸಿಂಪಡಿಸಿದರೆ ಎಳೆಕಾಯಿ ಸುಡುವ ಸಂಭವವಿದೆ. ದ್ರಾವಣವನ್ನು ಅಂದೇ ಬಳಸಿ ಮುಗಿಸಬೇಕು.

ಹಳೆಯ ಸಂದೇಶ, ಸುಳ್ಳು ಸಂದೇಶ

ಸಂದೇಶಕ್ಕೆ ಮುಪ್ಪಿಲ್ಲ. ಎಂದೋ ಬರೆದದ್ದು ಇಂದು ಬರೆದಂತೆ ಬರುತ್ತದೆ. ಹಿಂದೆ ಬಳಕೆಯಲ್ಲಿದ್ದ ಫೋರೇಟ್ ಹರಳನ್ನು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧಿಸಲಾಗಿದೆ. ಎಂಡೋಸಲ್ಫಾನ್ 2011ರಲ್ಲಿಯೇ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ನಿಂತಿದೆ. ಇವುಗಳ ಹೆಸರು ಹೇಳುವ ಸಂದೇಶ ಬಂದರೆ ಅದು ಹಳೆಯದೆಂದು ತಿಳಿದು ಬಿಟ್ಟುಬಿಡಬೇಕು, ಗುಂಪಿನವರಿಗೂ ತಿಳಿಸಬೇಕು.

2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಹರಡಿದಾಗ ಹಾಲು ಕುಡಿದರೆ ಜನರಿಗೂ ರೋಗ ಬರುತ್ತದೆ ಎಂಬ ಸುದ್ದಿ ಫೋನಿನಿಂದ ಫೋನಿಗೆ ಹರಿದಾಡಿತು. ಈ ರೋಗ ಮನುಷ್ಯರಿಗೆ ಅಂಟುವುದಿಲ್ಲ. ಕಾಯಿಸಿದ ಹಾಲನ್ನು ಕುಡಿಯಲು ಅಡ್ಡಿಯಿಲ್ಲ. ಹಸು ನರಳುತ್ತಿದ್ದಾಗ ಇಂತಹ ಸುದ್ದಿಯಿಂದ ಹಾಲಿನ ಗಿರಾಕಿಯೂ ತಪ್ಪಿದರೆ ಸಾಕಿದವನಿಗೆ ಎರಡು ಪೆಟ್ಟು. ಹಲವರಿಂದ ಹಲವರಿಗೆ ದಾಟಿ ಬಂದ ಸಂದೇಶದ ಮೇಲೆ ವಾಟ್ಸ್‌ಆ್ಯಪ್ ಎರಡು ಬಾಣದ ಗುರುತು ತೋರಿಸುತ್ತದೆ. ಆ ಗುರುತು ಕಂಡರೆ ಬರೆದವನು ಯಾರೆಂದು ಕಳುಹಿಸಿದವನಿಗೂ ತಿಳಿದಿರಲಾರದು ಎಂದು ಭಾವಿಸುವುದು ಕ್ಷೇಮ.

ಒಂದು ಗುಂಟೆಯ ಪರೀಕ್ಷೆ

ಹೊಸ ತಳಿ, ಬಿತ್ತನೆಯ ಅಂತರ, ಜೀವಾಮೃತ, ಹೊದಿಕೆ ಮುಂತಾದ ವಿಷಯಗಳಲ್ಲಿ “ನನಗೆ ಒಳ್ಳೆಯ ಇಳುವರಿ ಬಂತು” ಎಂಬ ಮಾತನ್ನು ನಂಬಲೂ ಬೇಕಿಲ್ಲ, ತಳ್ಳಿಹಾಕಲೂ ಬೇಕಿಲ್ಲ. ಸ್ವಂತ ಹೊಲದಲ್ಲಿಯೇ ಪರೀಕ್ಷಿಸಬಹುದು.

1. ಒಂದೇ ತಾಕಿನಲ್ಲಿ, ಒಂದೇ ತರಹದ ಮಣ್ಣಿನಲ್ಲಿ 33 ಅಡಿ ಉದ್ದ, 33 ಅಡಿ ಅಗಲದ ಎರಡು ಮಡಿಗಳನ್ನು ಅಕ್ಕಪಕ್ಕದಲ್ಲಿ ಗುರುತಿಸಬೇಕು. ಒಂದೊಂದೂ ಒಂದು ಗುಂಟೆ.
2. ಒಂದರಲ್ಲಿ ಹೊಸ ಕ್ರಮ, ಇನ್ನೊಂದರಲ್ಲಿ ರೂಢಿಯ ಕ್ರಮ ಅನುಸರಿಸಬೇಕು. ಉಳಿದೆಲ್ಲ ಕೆಲಸಗಳು ಎರಡಕ್ಕೂ ಒಂದೇ ದಿನ, ಒಂದೇ ರೀತಿ ಆಗಬೇಕು.
3. ಬದುವಿನ ಪಕ್ಕ, ಮರದ ನೆರಳು, ನೀರು ನಿಲ್ಲುವ ತಗ್ಗು ಇವುಗಳನ್ನು ಬಿಡಬೇಕು.
4. ಸಾಧ್ಯವಾದರೆ ಇಂತಹ ಜೋಡಿ ಮಡಿಗಳನ್ನು ಮೂರು ಕಡೆ ಇಡಬೇಕು.
5. ಕೊಯ್ಲನ್ನು ಬೇರೆ ಬೇರೆಯಾಗಿ ಮಾಡಿ, ಒಣಗಿಸಿ, ತೂಗಿ ಬರೆದಿಡಬೇಕು. ಕಣ್ಣಂದಾಜು ಸಾಲದು.

ರೂಢಿಯ ಮಡಿಯಲ್ಲಿ 18 ಕಿ.ಗ್ರಾಂ, ಹೊಸದರಲ್ಲಿ 20 ಕಿ.ಗ್ರಾಂ ಬಂತೆಂದುಕೊಂಡರೆ ಗುಂಟೆಗೆ 2 ಕಿ.ಗ್ರಾಂನಂತೆ ಎಕರೆಗೆ 80 ಕಿ.ಗ್ರಾಂ ಹೆಚ್ಚು. ಅದರ ಬೆಲೆ ಹೊಸ ಕ್ರಮದ ಖರ್ಚಿಗಿಂತ ಹೆಚ್ಚಾಗಿದ್ದರೆ, ಮೂರು ಕಡೆಯೂ ಇದೇ ಫಲಿತಾಂಶ ಕಂಡಿದ್ದರೆ, ಮುಂದಿನ ವರ್ಷ ಒಂದು ಎಕರೆಗೆ ವಿಸ್ತರಿಸಬಹುದು. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಬಂದಿದ್ದರೆ ಅದು ಮಣ್ಣಿನ ವ್ಯತ್ಯಾಸವಿರಬಹುದು. ಇನ್ನೊಂದು ಹಂಗಾಮು ಕಾಯುವುದು ಲೇಸು.

ಪರೀಕ್ಷೆಗೂ ಒಡ್ಡಬಾರದ ವಿಷಯಗಳು

ಕೀಟನಾಶಕ, ಕಳೆನಾಶಕ ಮತ್ತು ಜಾನುವಾರುಗಳ ಔಷಧಿಯ ವಿಷಯದಲ್ಲಿ ಗುಂಪಿನ ಮಾತಿನ ಮೇಲೆ ಮುಂದುವರಿಯಬಾರದು. ಎರಡು ಮೂರು ಔಷಧಿಗಳನ್ನು ಒಟ್ಟಿಗೆ ಬೆರೆಸಿ ಹೊಡೆಯಲು ಹೇಳುವ ಸಂದೇಶಗಳು ವಿಶೇಷವಾಗಿ ಅಪಾಯಕಾರಿ. ಡಬ್ಬಿಯ ಚೀಟಿಯಲ್ಲಿ ಬೆಳೆಯ ಹೆಸರು, ಪ್ರಮಾಣ, ಸಿಂಪರಣೆಯ ನಂತರ ಕೊಯ್ಲಿಗೆ ಕಾಯಬೇಕಾದ ದಿನಗಳು ಇವನ್ನು ಓದಬೇಕು. ಚೀಟಿಯ ಮೇಲಿನ ಬಣ್ಣದ ಗುರುತು ವಿಷದ ತೀವ್ರತೆಯನ್ನು ತಿಳಿಸುತ್ತದೆ: ಕೆಂಪು ಎಲ್ಲಕ್ಕಿಂತ ಘೋರ, ನಂತರ ಹಳದಿ, ನೀಲಿ, ಹಸಿರು. ಹಸಿರು ಗುರುತಿನದೂ ವಿಷವೇ ಎಂಬುದನ್ನು ಮರೆಯಬಾರದು. ಸಿಂಪಡಿಸುವಾಗ ತಲೆಸುತ್ತು, ವಾಂತಿ ಕಂಡರೆ ಗುಂಪಿನಲ್ಲಿ ಮನೆಮದ್ದು ಕೇಳುತ್ತ ಕೂರದೆ, ಔಷಧಿಯ ಡಬ್ಬಿಯೊಡನೆ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ರೈತರ ಗುಂಪುಗಳಲ್ಲಿ ವಿಸ್ತರಣಾ ಕಾರ್ಯಕರ್ತರು ಸದಸ್ಯರಾಗಿರುವುದು ಉಪಯುಕ್ತ. ಅವರು ಕಳುಹಿಸುವ ಪ್ರತಿಯೊಂದು ಸಲಹೆಯಲ್ಲಿ ದಿನಾಂಕ, ಯಾವ ಪ್ರದೇಶಕ್ಕೆ ಅನ್ವಯ, ಎಕರೆಯ ಲೆಕ್ಕದ ಪ್ರಮಾಣ ಮತ್ತು ಬಳಸಬೇಕಾದ ನೀರು ಇಷ್ಟನ್ನು ತಪ್ಪದೆ ನಮೂದಿಸಬೇಕು. ತಪ್ಪು ಸಲಹೆ ಕೊಟ್ಟ ರೈತನನ್ನು ಗುಂಪಿನಲ್ಲಿ ಹೀಗಳೆಯಬಾರದು. ಅವನ ಹೊಲದಲ್ಲಿ ಅದು ಏಕೆ ಫಲಿಸಿತು, ಬೇರೆ ಕಡೆ ಏಕೆ ಫಲಿಸದು ಎಂದು ವಿವರಿಸಿದರೆ ಎಲ್ಲರಿಗೂ ಪಾಠವಾಗುತ್ತದೆ. ಗುಂಟೆ ಪರೀಕ್ಷೆ ಮಾಡಿದ ರೈತರಿಂದ ತೂಕದ ಲೆಕ್ಕ ಬರೆಸಿ, ಸೋತ ಪ್ರಯೋಗಗಳನ್ನೂ ಗುಂಪಿಗೆ ಹಾಕಿಸಬೇಕು. ಗೆದ್ದವರು ಮಾತ್ರ ಬರೆದರೆ ಸೋಲಿನಿಂದ ಸಿಗಬೇಕಾದ ತಿಳಿವಳಿಕೆ ಯಾರಿಗೂ ಸಿಗುವುದಿಲ್ಲ.

ನೆನಪಿನಲ್ಲಿಡಬೇಕಾದ ಅಂಶಗಳು

ಕೈಗೆಲಸದ ವಿಷಯವಾದರೆ ಕೇಳಿ ಮಾಡಬಹುದು. ಬೇಸಾಯ ಕ್ರಮವಾದರೆ ಒಂದು ಗುಂಟೆಯಲ್ಲಿ ಮಾಡಿ ನೋಡಬೇಕು. ವಿಷ ಮತ್ತು ಔಷಧಿಯ ವಿಷಯವಾದರೆ ಬಲ್ಲವರನ್ನು ಕೇಳದೆ ಮಾಡಬಾರದು. ಇನ್ನೊಬ್ಬರಿಗೆ ಸಂದೇಶ ದಾಟಿಸುವ ಮುನ್ನ ಊರು, ಮಣ್ಣು, ದಿನಾಂಕ, ಅಳತೆ ಈ ನಾಲ್ಕೂ ಅದರಲ್ಲಿವೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಕೇಳಿ ಸೇರಿಸಬೇಕು.

ಹೆಚ್ಚಿನ ಮಾಹಿತಿಗಾಗಿ ರೈತ ಬಾಂಧವರು ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು, ಜಾನುವಾರುಗಳ ವಿಷಯದಲ್ಲಿ ಪಶುವೈದ್ಯರನ್ನು ಸಂಪರ್ಕಿಸಬಹುದು. 2004ರಿಂದ ಕೆಲಸ ಮಾಡುತ್ತಿರುವ ಕಿಸಾನ್ ಕಾಲ್ ಸೆಂಟರಿನ ಶುಲ್ಕರಹಿತ ಸಂಖ್ಯೆ 1800-180-1551ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.