ಆರ್ಕಿಡ್ ಕುಂಡಕ್ಕೆ ಮಣ್ಣು ಬೇಡ



ಆರ್ಕಿಡ್ ಹೂವು ನೋಡಲು ಚಂದ. ಬೇಗ ಬಾಡುವುದಿಲ್ಲ. ಅಂಗಳದ ಮೂಲೆಯಲ್ಲೂ ಬೆಳೆಸಬಹುದು. ಆದರೆ ಗಿಡದ ಬೆಲೆ ಹೆಚ್ಚು. ಸಂಘದ ಸಾಲದಲ್ಲಿ ತಂದ ಗಿಡ ಸತ್ತು ಹೋದರೂ ಸಾಲದ ಕಂತು ನಿಲ್ಲೋದಿಲ್ಲ. ಹಾಗಾಗಿ ದುಡ್ಡು ಹಾಕುವ ಮೊದಲು ಈ ಪಾಠವನ್ನು ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿರಿ.

ಇದು ಎಂಥ ಗಿಡ?

ಮಲೆನಾಡಿನವರಿಗೆ ಸೀತಾಳೆ ದಂಡೆ ಗೊತ್ತು. ಮಳೆಗಾಲ ಹಿಡಿಯುವ ಹೊತ್ತಿಗೆ ಮರದ ಕೊಂಬೆಯಿಂದ ಗೊಂಚಲಾಗಿ ಇಳಿಬೀಳುವ ಆ ಹೂವೂ ಆರ್ಕಿಡ್ ಜಾತಿಯದೇ. ಅದು ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ. ಮರ ಅದಕ್ಕೆ ಕೂರುವ ಜಾಗ ಮಾತ್ರ. ಬೇರು ತೊಗಟೆಗೆ ಅಂಟಿಕೊಂಡು ಗಾಳಿಯಲ್ಲೇ ಇರುತ್ತದೆ. ಬೇರಿನ ಮೇಲಿನ ಸ್ಪಂಜಿನಂಥ ಬಿಳಿ ಪದರ ಮಳೆ ಬಂದಾಗ ನೀರು ಹೀರುತ್ತದೆ, ಮಳೆ ನಿಂತಾಗ ಒಣಗುತ್ತದೆ. ನರ್ಸರಿಯಲ್ಲಿ ಸಿಗುವ ಡೆಂಡ್ರೋಬಿಯಂ ಕೂಡ ಇದೇ ಸ್ವಭಾವದ್ದು. ಇಂಥ ಬೇರನ್ನು ಮಣ್ಣಿನಲ್ಲಿ ಹೂತರೆ ಗಾಳಿಯಿಲ್ಲದೆ ಕೊಳೆಯುತ್ತದೆ. ನೀರು ಕಡಿಮೆಯಾಗಿ ಸಾಯುವುದಕ್ಕಿಂತ ನೀರು ನಿಂತು ಸಾಯುವ ಆರ್ಕಿಡ್‌ಗಳೇ ಹೆಚ್ಚು.

ಕುಂಡಕ್ಕೆ ಏನು ತುಂಬಬೇಕು?

1. ಇದ್ದಿಲು: ಹೆಬ್ಬೆರಳಿನ ಗಾತ್ರದ ತುಂಡುಗಳು. ಬೇಗ ಕೊಳೆಯುವುದಿಲ್ಲ. ಪುಡಿಯನ್ನು ಜರಡಿ ಹಿಡಿದು ತೆಗೆಯಿರಿ.

2. ಹೆಂಚು ಅಥವಾ ಇಟ್ಟಿಗೆ ಚೂರು: ಒಡೆದ ಹಳೇ ಹೆಂಚು ಸಾಕು, ಕೊಳ್ಳಬೇಕಾಗಿಲ್ಲ. ತೊಳೆದು ಹಾಕಿರಿ.

3. ತೆಂಗಿನ ಸಿಪ್ಪೆ: ಒಂದಂಗುಲದ ತುಂಡು ಮಾಡಿ ಕೆಲವು ದಿನ ನೀರಲ್ಲಿ ನೆನೆಸಿ, ಕಂದು ನೀರನ್ನು ಮತ್ತೆ ಮತ್ತೆ ಚೆಲ್ಲಿರಿ. ಒಗರೂ ಉಪ್ಪೂ ಹೋಗುತ್ತವೆ. ನಾರಿನ ಪುಡಿ ಮಾತ್ರ ಬೇಡ, ಅದು ನೀರನ್ನು ಹಿಡಿದಿಡುತ್ತದೆ.

ಮಳೆ ಹೆಚ್ಚಿರುವ ಕರಾವಳಿ, ಮಲೆನಾಡಿನಲ್ಲಿ ಇದ್ದಿಲು, ಹೆಂಚು ಜಾಸ್ತಿ, ಸಿಪ್ಪೆ ಕಡಿಮೆ ಇರಲಿ. ಒಣ ಬಯಲುಸೀಮೆಯಲ್ಲಿ ಸಿಪ್ಪೆ ಸ್ವಲ್ಪ ಹೆಚ್ಚಾದರೆ ಒಳ್ಳೆಯದು. ಸುತ್ತಲೂ ತೂತಿರುವ ಮಣ್ಣಿನ ಕುಂಡ ಉತ್ತಮ. ಬೇರಿಗಿಂತ ದೊಡ್ಡ ಕುಂಡ ಬೇಡ. ಗಿಡದ ಬುಡ ಮೇಲೆಯೇ ಕಾಣುತ್ತಿರಲಿ. ಅಲುಗಾಡದಂತೆ ಕಡ್ಡಿಗೆ ಕಟ್ಟಿರಿ. ಸಿಪ್ಪೆ ಮೆತ್ತಗಾಗಿ ಪುಡಿಯಾಗತೊಡಗಿದರೆ, ಸುಮಾರು ಎರಡು ವರ್ಷಕ್ಕೊಮ್ಮೆ, ಎಲ್ಲವನ್ನೂ ಬದಲಾಯಿಸಿರಿ.

ದಿನದ ಆರೈಕೆ

ನೀರು: ಬೇರನ್ನೇ ನೋಡಿರಿ. ಬೆಳ್ಳಗಿದ್ದರೆ ನೀರು ಬೇಕು, ಹಸಿರಾಗಿದ್ದರೆ ಇನ್ನೂ ಹಸಿ ಇದೆ ಎಂದರ್ಥ. ಕಂದಾಗಿ ಮೆತ್ತಗಿದ್ದರೆ ಕೊಳೆತಿದೆ, ಕತ್ತರಿಸಿ ತೆಗೆಯಿರಿ. ಬೆಳಿಗ್ಗೆಯೇ ನೀರು ಹಾಕಿರಿ. ಕುಂಡದ ಕೆಳಗೆ ತಟ್ಟೆ ಇಡಬೇಡಿ. ಜೋರು ಮಳೆಗೆ ಮೇಲೆ ಮರೆ ಇರಲಿ.

ಬೆಳಕು: ಅರ್ಧ ಬಿಸಿಲು ಇಳಿಸುವ ಶೇಡ್ ನೆಟ್ ಸಾಕು. ಎಲೆ ಕಡು ಹಸಿರಾಗಿ ಹೂವು ಬಾರದಿದ್ದರೆ ಬೆಳಕು ಸಾಲದು. ಎಲೆ ಹಳದಿಯಾಗಿ ಸುಟ್ಟ ಕಲೆ ಬಿದ್ದರೆ ಬಿಸಿಲು ಹೆಚ್ಚಾಗಿದೆ.

ಗೊಬ್ಬರ: ನೀರಲ್ಲಿ ಕರಗುವ 19:19:19 ಗೊಬ್ಬರ, ಲೀಟರಿಗೆ 1 ಗ್ರಾಂ, ಬೆಳೆಯುವ ಕಾಲದಲ್ಲಿ ವಾರಕ್ಕೊಮ್ಮೆ. ಹೆಚ್ಚು ಹಾಕಿದ್ರೆ ಬೇಗ ಹೂ ಬಿಡುತ್ತೆ ಅಂದ್ಕೋಬೇಡಿ, ಬೇರು ಸುಡುತ್ತದೆ. ಸಗಣಿ ಗೊಬ್ಬರ ತುಂಬಿದರೆ ಗಾಳಿಯಾಡುವ ಸಂದು ಮುಚ್ಚಿಹೋಗುತ್ತದೆ.

ಕತ್ತರಿ: ಒಂದು ಗಿಡದ ರೋಗ ಕತ್ತರಿಯ ಮೂಲಕ ಇನ್ನೊಂದಕ್ಕೆ ಹೋಗುತ್ತದೆ. ಪ್ರತಿ ಗಿಡಕ್ಕೂ ಮೊದಲು ಅಲಗನ್ನು ಬೆಂಕಿಗೆ ಹಿಡಿದು, ಆರಿದ ಮೇಲೆ ಬಳಸಿರಿ. ಡೆಂಡ್ರೋಬಿಯಂನ ಎಲೆ ಉದುರಿದ ಕಾಂಡವನ್ನು ಒಣಗಿದೆ ಅಂತ ಕಡಿಯಬೇಡಿ. ಹಸಿರಿದ್ದರೆ ಅದರಲ್ಲೂ ಹೂವು ಬರಬಹುದು.

ಕಾಡಿನ ಗಿಡ ಕೀಳಬೇಡಿ

ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಒಳಗೆ ಆಹಾರವಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರದ ನೆರವಿಲ್ಲದೆ ಅದು ಮೊಳೆಯುವುದಿಲ್ಲ. ಕಿತ್ತ ಗಿಡದ ಜಾಗ ತುಂಬಲು ವರ್ಷಗಳೇ ಬೇಕು. ಮೀಸಲು ಅರಣ್ಯದಿಂದ ಅನುಮತಿ ಇಲ್ಲದೆ ಗಿಡ ತರುವುದು ಅಪರಾಧ ಕೂಡ. ನರ್ಸರಿಯ ಗಿಡವನ್ನೇ ಕೊಳ್ಳಿರಿ.

ಸಾಲಕ್ಕೆ ಮೊದಲು

ವೆನಿಲ್ಲಾ ಕೂಡ ಆರ್ಕಿಡ್ ಕುಟುಂಬದ ಬಳ್ಳಿ. 2003ರ ಸುಮಾರಿಗೆ ಅದರ ಬೆಲೆ ಗಗನಕ್ಕೇರಿದಾಗ ನಮ್ಮ ರಾಜ್ಯದ ಎಷ್ಟೋ ರೈತರು ನೆಟ್ಟರು. ಬಳ್ಳಿ ಫಲ ಕೊಡುವ ಹೊತ್ತಿಗೆ ಬೆಲೆ ನೆಲಕ್ಕಿಳಿದಿತ್ತು. ಬೆಳೆಯೋದು ಒಂದು ವಿದ್ಯೆ, ಮಾರೋದು ಇನ್ನೊಂದು. ಆದ್ದರಿಂದ ಮೊದಲ ವರ್ಷ ಮನೆಗೆ ಎರಡೇ ಗಿಡ, ಅದೂ ಕೈಯ ಉಳಿತಾಯದಿಂದ. ಒಂದು ಮಳೆಗಾಲ, ಒಂದು ಬೇಸಿಗೆ ಎರಡನ್ನೂ ದಾಟಿದ ಮೇಲೆ ಸಾಲದ ಮಾತು.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮೂರಿನಲ್ಲಿ ದುಡ್ಡು ಕೊಡದೆ ಸಿಗುವ ಕುಂಡದ ಸಾಮಗ್ರಿ ಯಾವುದು?

2. ಹೂವನ್ನು ಅಥವಾ ಗಿಡವನ್ನು ಯಾರು ಕೊಳ್ಳುತ್ತಾರೆ, ಎಷ್ಟಕ್ಕೆ? ಪೇಟೆಗೆ ಹೋಗಿ ಕೇಳಿ ಬರುವವರು ಯಾರು?

3. ಮಳೆಗಾಲದಲ್ಲಿ ಕುಂಡಗಳಿಗೆ ಮರೆ ಎಲ್ಲಿ ಮಾಡೋಣ?

ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿರಿ. ಸಾಲದ ಅರ್ಜಿ ಬಂದ ದಿನ ಆ ಪುಟವನ್ನು ಮತ್ತೊಮ್ಮೆ ಓದಿರಿ.